ಹುಣಸೆಮರದ ಕೀಸುಳಿ ಮತ್ತು ನಾನು ನೆಟ್ಟಗೆ ಮಾಡಿದ ಬ್ಲೇಡು

ಮರದ ಸಾಮಾನು ನಾನು ಮುಟ್ಟುವುದಿಲ್ಲ ಎಂದು ಅಂಗಡಿಯ ಬಾಗಿಲಲ್ಲೇ ಹೇಳಿಬಿಟ್ಟೆ. ಸಂತೆಕಟ್ಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿ ಕೂತ ನನ್ನದು ಸಾಣೆ ಹಿಡಿಯುವ ಅಂಗಡಿ. ಮಣಿಪಾಲದ ಟೈಲರುಗಳ ಕತ್ತರಿ, ಕಾಪುವಿನ ಮೀನು ಕೊಯ್ಯುವವರ ಕತ್ತಿ, ಮರದ ಮಿಲ್ಲಿನ ಗರಗಸದ ಚಕ್ರ, ಯಾರದೋ ಮನೆಯ ತೆಂಗಿನಕಾಯಿ ಹೆರೆಯುವ ಮಣೆ, ಎಲ್ಲ ಬರುತ್ತವೆ. ಅವುಗಳಲ್ಲಿ ನನಗೆ ಸಂಬಂಧ ಇರುವುದು ಕಬ್ಬಿಣದ ಭಾಗದ ಜೊತೆ ಮಾತ್ರ. ಕಬ್ಬಿಣ ಇವತ್ತು ಅಳೆದಷ್ಟೇ ನಾಳೆಯೂ ಇರುತ್ತದೆ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಅದರ ಸಹವಾಸ ಯಾರಿಗೆ ಬೇಕು ಎಂಬುದು ನನ್ನ ಮೊದಲಿನಿಂದಲೂ ಇದ್ದ ಅಹಂಕಾರ.

ಬಾಗಿಲಲ್ಲಿ ನಿಂತಿದ್ದ ಹೆಂಗಸು ಹೋಗಲಿಲ್ಲ. ಬೆಳ್ಮಣ್ ಕಡೆಯ ಶಾಲೆಯೊಂದರ ಟೀಚರ್, ಐವತ್ತರ ಆಸುಪಾಸಿನವರು. ಬಟ್ಟೆಯ ಚೀಲದಿಂದ ಹಳೆ ಲುಂಗಿಯಲ್ಲಿ ಸುತ್ತಿದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಹಲಗೆಯ ಮೈ ನಯ ಮಾಡಲು ಆಚಾರಿಗಳು ಎರಡೂ ಕೈಯಲ್ಲಿ ಹಿಡಿದು ತಳ್ಳುತ್ತಾರಲ್ಲ, ಆ ಕೀಸುಳಿ. ಒಂದು ಮೊಳಕ್ಕಿಂತ ಸ್ವಲ್ಪ ಗಿಡ್ಡ, ಎಣ್ಣೆ ಮತ್ತು ಬೆವರು ಕುಡಿದು ಕಪ್ಪಾದ ಮರ.

"ಬ್ಲೇಡು ಮಾತ್ರ ಕೊಡಿ, ಹರಿತ ಮಾಡಿ ಕೊಡ್ತೇನೆ," ಎಂದೆ.

"ಬ್ಲೇಡು ಮಾತ್ರ ಸಾಲುವುದಿಲ್ಲ ಅಣ್ಣ. ಇಡೀ ಕೀಸುಳಿ ಸರಿಯಾಗಬೇಕು."

"ಅದಕ್ಕೆ ಆಚಾರಿಗಳ ಹತ್ತಿರ ಹೋಗಬೇಕು ಟೀಚರೇ."

"ಇಬ್ಬರ ಹತ್ತಿರ ಹೋದೆ. ಹೊಸತು ತಗೊಳ್ಳಿ ಅಂದರು. ಹೊಸತು ಎರಡು ತಂದೂ ಆಯಿತು, ಮನೆಯಲ್ಲಿ ಉಂಟು. ಅಪ್ಪನಿಗೆ ಅದು ಆಗುವುದಿಲ್ಲ."

ಅವರ ಅಪ್ಪ ಮರದ ಕೆಲಸದ ಆಚಾರಿ. ಒಂದು ಕಾಲದಲ್ಲಿ ಕಾರ್ಕಳದ ಕಡೆಯೆಲ್ಲ ಬಾಗಿಲು, ದಾರಂದ ಮಾಡಿದವರು. ಎಂಟು ವರ್ಷದಿಂದ ಕಣ್ಣು ಮಂಜಾಗುತ್ತಾ ಬಂದು, ಈಗ ಮೂರು ವರ್ಷದಿಂದ ಪೂರ್ತಿ ಕಾಣುವುದಿಲ್ಲ. ಆದರೂ ದಿನಾ ಮನೆಯ ಹಿಂದಿನ ಕೊಟ್ಟಿಗೆಗೆ ಹೋಗಿ ಹಲಸಿನ ಮಣೆ ಮಾಡುತ್ತಿದ್ದರಂತೆ. ಊಟಕ್ಕೆ, ಪೂಜೆಗೆ ಕೂರುವ ಮಣೆ. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಮಾಡು ಬದಲಿಸುವಾಗ ಕೆಲಸದವರ ಕೈಯಿಂದ ಹಂಚು ಹೊರುವ ಒಂದು ಮರದ ಪಕ್ಕಾಸು ಜಾರಿ ನೇರ ಈ ಕೀಸುಳಿಯ ಮೇಲೆ ಬಿತ್ತು. ಬಿದ್ದದ್ದು ಆಗ ಯಾರಿಗೂ ಗೊತ್ತಾಗಲಿಲ್ಲ. ಒಡೆದ ಹಂಚಿನ ಜೊತೆ ಅದನ್ನೂ ಗುಡಿಸಿ ಹಿತ್ತಿಲಲ್ಲಿ ರಾಶಿ ಹಾಕಿದರು. ಇಡೀ ಮಳೆಗಾಲ ಅದು ಆ ರಾಶಿಯ ಅಡಿಯಲ್ಲಿ ನೆನೆಯಿತು. ನವರಾತ್ರಿ ಕಳೆದ ಮೇಲೆ ಹಂಚು ಸಾಗಿಸುವಾಗ ಸಿಕ್ಕಿತು.

"ಅಪ್ಪನಿಗೆ ಕಣ್ಣಿಲ್ಲ ಅಂತ ನಮಗೆ ಅನಿಸುತ್ತಲೇ ಇರಲಿಲ್ಲ ಅಣ್ಣ," ಎಂದರು ಟೀಚರ್. "ಇದು ಹೋದ ಮೇಲೆ ಅವರು ಕುರುಡರಾದದ್ದು. ಈಗ ಜಗಲಿಯಿಂದ ಬಚ್ಚಲಿಗೂ ನನ್ನ ಕೈ ಹಿಡಿದೇ ಹೋಗ್ತಾರೆ."

ಇಂಥ ಮಾತು ಕೇಳಿದ ಮೇಲೆ ಬಾಗಿಲು ತೋರಿಸಲಿಕ್ಕೆ ಆಗುತ್ತದಾ? ಇಟ್ಟು ಹೋಗಿ, ಭರವಸೆ ಮಾತ್ರ ಕೊಡುವುದಿಲ್ಲ ಎಂದೆ.

ಸ್ಥಿತಿ ಹೀಗಿತ್ತು. ಬ್ಲೇಡು ಕೂರುವ ಬಾಯಿಯ ಒಂದು ಪಕ್ಕ ಹಿಂದಿನ ತುದಿಯವರೆಗೆ ಸೀಳಿತ್ತು. ಬ್ಲೇಡನ್ನು ಬಿಗಿ ಹಿಡಿಯುವ ಮರದ ಬೆಣೆಯನ್ನು ಗೆದ್ದಲು ತಿಂದು ಬರೀ ಸಿಪ್ಪೆ ಉಳಿಸಿತ್ತು. ಬ್ಲೇಡಿನ ಮೇಲೆ ತುಕ್ಕು ಪದರ ಕಟ್ಟಿತ್ತು. ವಿಚಿತ್ರ ಎಂದರೆ ಕೀಸುಳಿಯ ಮೈಗೆ ಗೆದ್ದಲು ಬಾಯಿ ಹಾಕಿರಲಿಲ್ಲ. ಹುಣಸೆಯ ಕಾಂಡದ ತಿರುಳು ಅದು, ಉಗುರು ಊರಿದರೂ ಗುರುತು ಬೀಳುವುದಿಲ್ಲ.

ಮೊದಲು ಒಣಗಬೇಕಿತ್ತು. ಬಿಸಿಲಿಗೆ ಇಟ್ಟರೆ ಸೀಳು ಇನ್ನೂ ಬಾಯಿ ಬಿಡುತ್ತದೆ ಎಂಬಷ್ಟು ಬುದ್ಧಿ ನನಗಿತ್ತು. ಗೋಣಿಯಲ್ಲಿ ಸುತ್ತಿ ಅಂಗಡಿಯ ಅಟ್ಟದಲ್ಲಿಟ್ಟೆ. ದಿನಾ ಬೆಳಿಗ್ಗೆ ಅದನ್ನು ಇಳಿಸಿ, ಹೆಂಡತಿಯ ಅಡುಗೆಮನೆಯಿಂದ ತಂದ ತಕ್ಕಡಿಯಲ್ಲಿ ತೂಕ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ತಕ್ಕಡಿ ಎಲ್ಲಿ ಹೋಯಿತು ಎಂದು ಮನೆಯಲ್ಲಿ ಗಲಾಟೆ ಆಯಿತು, ಅದು ಬೇರೆ ವಿಷಯ. ಹತ್ತೊಂಬತ್ತನೇ ದಿನಕ್ಕೆ ತೂಕ ಇಳಿಯುವುದು ನಿಂತಿತು.

ಅಷ್ಟರಲ್ಲಿ ಬ್ಲೇಡಿನ ಕೆಲಸ ಶುರು ಮಾಡಿದ್ದೆ. ಇಂಥ ಹಳೆ ತುಕ್ಕಿಗೆ ಯಂತ್ರ ಹಚ್ಚಿದರೆ ತುಕ್ಕಿನ ಜೊತೆ ಉಕ್ಕೂ ಹೋಗುತ್ತದೆ. ಹಿತ್ತಿಲಿನ ಮರದ ಹುಳಿ ಬಿಂಬುಳಿ ಕಾಯಿ ಜಜ್ಜಿ ರಸ ಮಾಡಿ, ಅದರಲ್ಲಿ ಬ್ಲೇಡನ್ನು ಎರಡು ದಿನ ಮುಳುಗಿಸಿಟ್ಟೆ. ತೆಗೆದು ತೆಂಗಿನ ನಾರಿನಿಂದ ತಿಕ್ಕಿದಾಗ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಹೋಯಿತು. ಹರಿತದ ಕಡೆಯ ಓರೆಯನ್ನು ಬೆಳಕಿಗೆ ಹಿಡಿದೆ, ಅಲ್ಲಿ ಒಂದು ಸಣ್ಣ ಗೆರೆ ಕಂಡಿತು. ಗೆರೆಯ ಮೇಲೆ ಬೂದು, ಕೆಳಗೆ ಬಿಳುಪು. ಕಬ್ಬಿಣ ಉಜ್ಜುವ ಅರ ಇಟ್ಟು ನೋಡಿದೆ. ಬೂದು ಭಾಗಕ್ಕೆ ಅರ ಹಿಡಿಯಿತು, ಬಿಳಿ ಭಾಗದ ಮೇಲೆ ಗಾಜಿನ ಮೇಲಿನಂತೆ ಜಾರಿತು.

ಎಂದರೆ ಇದು ಒಂದೇ ಲೋಹ ಅಲ್ಲ. ಮೆತ್ತಗಿನ ಕಬ್ಬಿಣದ ಪಟ್ಟಿಯ ತುದಿಗೆ ಗಟ್ಟಿ ಉಕ್ಕಿನ ತೆಳು ತಗಡೊಂದನ್ನು ಬೆಂಕಿಯಲ್ಲಿ ಕಾಯಿಸಿ, ಬಡಿದು ಒಂದು ಮಾಡಿದ್ದಾರೆ. ಅದಕ್ಕೆ ಇಷ್ಟೇ ಕಾವು ಬೇಕು, ಸ್ವಲ್ಪ ಕಡಿಮೆಯಾದರೆ ಕೂಡುವುದಿಲ್ಲ, ಸ್ವಲ್ಪ ಹೆಚ್ಚಾದರೆ ಉಕ್ಕು ಸುಟ್ಟುಹೋಗುತ್ತದೆ. ಅದನ್ನು ಮಾಡಿದ ಕಮ್ಮಾರನ ಹತ್ತಿರ ಕಾವು ಅಳೆಯುವ ಮೀಟರು ಇತ್ತಾ? ಬೆಂಕಿಯ ಬಣ್ಣ ನೋಡಿ ಮಾಡಿದ್ದು. ನಾನು ಕಬ್ಬಿಣದವನು, ನನಗೆ ಆ ಗೆರೆ ನೋಡಿ ಮೈ ಜುಮ್ ಎಂದಿತು. ಅಂಗಡಿಗೆ ಬಂದ ನಾಲ್ಕೈದು ಗಿರಾಕಿಗಳಿಗೆ ತೋರಿಸಿದೆ. ಅವರಿಗೆ ತಮ್ಮ ಕತ್ತರಿಯದೇ ಅವಸರ.

ಸೀಳನ್ನು ಕೂಡಿಸುವಲ್ಲಿ ಮೊದಲ ಪೆಟ್ಟು ತಿಂದೆ. ಬಿಳಿ ಅಂಟು ಹಾಕಿ, ಕ್ಲಾಂಪು ಬಿಗಿದು ಎರಡು ದಿನ ಬಿಟ್ಟೆ. ಹೊರಗಿಂದ ನೋಡಲು ಚಂದವೇ ಇತ್ತು. ಬಾಯಿಯೊಳಗೆ ಒಂದು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದೆ, ಟಕ್ ಎಂದು ಮತ್ತೆ ಬಾಯಿ ಬಿಟ್ಟಿತು. ಕಾಪುವಿನಲ್ಲಿ ದೋಣಿ ರಿಪೇರಿ ಮಾಡುವ ಆಚಾರಿಯೊಬ್ಬರು ನನ್ನ ಹಳೆ ಗಿರಾಕಿ. ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಸೀಳಿನ ಒಳಗೆ ಮೂಗಿಟ್ಟು ಮೂಸಿದರು.

"ಎಣ್ಣೆ ಕುಡಿದ ಮರಕ್ಕೆ ಅಂಟು ಹಾಕ್ತೀರಲ್ಲ ಮಾರಾಯ್ರೆ. ಎಷ್ಟು ವರ್ಷದ ತೆಂಗಿನೆಣ್ಣೆ ಉಂಟು ಇದರ ಒಳಗೆ. ಮೊದಲು ಅದನ್ನು ಬಿಡಿಸಿ."

"ನೀವೇ ಮಾಡಿಕೊಡಬಹುದಲ್ಲ."

"ನಾನು ಮುಟ್ಟುವುದಿಲ್ಲ. ಒಬ್ಬರ ಕೈ ಕೂತ ಕೀಸುಳಿ ಇನ್ನೊಬ್ಬ ಆಚಾರಿ ಮುಟ್ಟಬಾರದು. ನೀವು ಹೇಗೂ ಆಚಾರಿ ಅಲ್ವಲ್ಲ," ಎಂದು ನಕ್ಕರು. ಬೆಣೆಗೆಂದು ಒಂದು ಒಣ ಹುಣಸೆಯ ತುಂಡನ್ನೂ, ದೋಣಿಗೆ ಹಾಕುವ ಎಪಾಕ್ಸಿ ಅಂಟನ್ನೂ ಕೊಟ್ಟರು. ಒಬ್ಬರ ಕೈ ಕೂತ ಕೀಸುಳಿ ಎಂಬ ಮಾತು ಆಗ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮಣಿಪಾಲದಿಂದ ಎಣ್ಣೆ ಕರಗಿಸುವ ಅಸಿಟೋನ್ ತಂದೆ. ಬ್ರಶ್ಶಿನಲ್ಲಿ ಸೀಳಿನೊಳಗೆ ಬಿಡುವುದು, ಬಟ್ಟೆಯ ಪಟ್ಟಿ ತೂರಿಸಿ ಒರೆಸುವುದು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಬರುತ್ತಿತ್ತು. ಹನ್ನೊಂದನೇ ಸಲಕ್ಕೆ ಬಟ್ಟೆ ಬೆಳ್ಳಗೇ ಬಂತು. ಆಮೇಲೆ ಅಂಟು ಬಿಟ್ಟು, ಹಳೆ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಸುತ್ತಲೂ ಎಳೆದು ಬಿಗಿದೆ. ಕ್ಲಾಂಪು ಒಂದೇ ಕಡೆ ಒತ್ತುತ್ತದೆ, ಟ್ಯೂಬು ಎಲ್ಲ ಕಡೆಯಿಂದ ಒತ್ತುತ್ತದೆ. ಮೂರು ದಿನ ಬಿಟ್ಟು ಬಿಚ್ಚಿದಾಗ ಸೀಳು ಎಲ್ಲಿತ್ತು ಎಂದು ನನ್ನ ಕಣ್ಣಿಗೇ ಕಾಣಲಿಲ್ಲ. ಆ ಹುಣಸೆ ತುಂಡಿನಿಂದ ಮಾಡಿದ ಹೊಸ ಬೆಣೆಯನ್ನು ಕಬ್ಬಿಣದ ಕೆಲಸದ ಕ್ರಮದಲ್ಲೇ ಕೂರಿಸಿದೆ. ನೀಲಿ ಬಣ್ಣ ಹಚ್ಚಿ ಒಳಗೆ ತೂರಿಸುವುದು, ತೆಗೆದು ನೀಲಿ ಎಲ್ಲಿ ಉಜ್ಜಿಹೋಗಿದೆ ಎಂದು ನೋಡಿ ಅಷ್ಟನ್ನೇ ಕೆರೆಯುವುದು, ಮತ್ತೆ ತೂರಿಸುವುದು. ಇಡೀ ಒಂದು ದಿನ ಅದಕ್ಕೇ ಹೋಯಿತು.

ಇಷ್ಟರವರೆಗೆ ಎಲ್ಲ ಸರಿ ಇತ್ತು. ಇನ್ನು ಬ್ಲೇಡಿಗೆ ಸಾಣೆ. ಅದು ನನ್ನ ಸ್ವಂತ ವಿದ್ಯೆ, ಅಲ್ಲೇ ನಾನು ಹಾಳು ಮಾಡಿದ್ದು.

ಬ್ಲೇಡಿಗೆ ಮೂಲೆಮಟ್ಟ ಇಟ್ಟು ನೋಡಿದಾಗ ಅಂಚು ನೆಟ್ಟಗಿರಲಿಲ್ಲ. ಬಲಗಡೆ ಸುಮಾರು ಸರಿ, ಎಡಗಡೆಗೆ ಬರುತ್ತಾ ಬರುತ್ತಾ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಪಾಪ, ಕಣ್ಣಿಲ್ಲದವರು ಸಾಣೆ ಹಿಡಿದರೆ ಇನ್ನು ಹೇಗಿರುತ್ತದೆ ಎಂದುಕೊಂಡೆ. ಅಂಚಿನಲ್ಲಿ ತುಕ್ಕು ಕೊರೆದ ಗುಳಿಗಳೂ ಇದ್ದವು. ನೀರು ಬಿಡುವ ಚಕ್ರದ ಮೇಲೆ ಬ್ಲೇಡು ಬಿಸಿಯಾಗದಂತೆ ಸ್ವಲ್ಪ ಸ್ವಲ್ಪವೇ ತೆಗೆದು, ತೊಂಬತ್ತು ಡಿಗ್ರಿಗೆ ಗಡಿಯಾರದ ಹಾಗೆ ತಂದು ನಿಲ್ಲಿಸಿದೆ. ಕಲ್ಲಿನ ಮೇಲೆ ನುಣುಪು ಮಾಡಿ ಮುಂಗೈ ಕೂದಲು ಬೋಳಿಸಿ ನೋಡಿಕೊಂಡೆ. ಒಂದು ಹಲಸಿನ ತುಂಡಿನ ಮೇಲೆ ತಳ್ಳಿದೆ, ಈರುಳ್ಳಿ ಸಿಪ್ಪೆಯಷ್ಟು ತೆಳು ಸುರುಳಿ ಬಂತು. ಆ ಹೊತ್ತಿನಲ್ಲಿ ನನ್ನಷ್ಟು ಬೀಗಿದವರು ಸಂತೆಕಟ್ಟೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕೀಸುಳಿಯ ಅಡಿಯೂ ನೆಟ್ಟಗಿರಲಿಲ್ಲ. ಎಡಗಡೆ ಒಂದು ಸಣ್ಣ ತಗ್ಗು. ಅದನ್ನೂ ತಿದ್ದುವ ಆಸೆ ಇತ್ತು. ಆದರೆ ಬೆಣೆ ಬಿಗಿದಾಗ ಮರ ತುಸು ಬಾಗುತ್ತದೆ, ಅವರು ಎಷ್ಟು ಬಿಗಿ ಹೊಡೆಯುತ್ತಾರೆ ಎಂದು ಗೊತ್ತಾಗದೆ ಅಡಿ ಮುಟ್ಟಬಾರದು. ಅದನ್ನು ನೋಡಿಕೊಂಡು ಬರುವ ಎಂದು ಒಂದು ಭಾನುವಾರ ಕಾಪು, ಶಿರ್ವದ ದಾರಿಯಾಗಿ ಬೆಳ್ಮಣ್ಣಿಗೆ ಹೊರಟೆ. ಆ ಒಂದು ಅನುಮಾನ ಇಲ್ಲದಿದ್ದರೆ ಅಡಿಯನ್ನೂ ಮುಗಿಸಿರುತ್ತಿದ್ದೆ.

ಆಚಾರಿಗಳು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸಣ್ಣ ಆಳು, ದೊಡ್ಡ ಕೈಗಳು. ನಾವು ಮಾತಾಡಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೀಸುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಿಂದ ಸವರಿದರು. ನನ್ನ ಕಣ್ಣಿಗೆ ಕಾಣದ ಸೀಳಿನ ಮೇಲೆ ಅವರ ಬೆರಳು ತುದಿಯಿಂದ ತುದಿಗೆ ನೇರ ನಡೆಯಿತು.

"ಇಲ್ಲಿ ಒಡೆದಿತ್ತು ಅಲ್ವಾ? ಒಳ್ಳೆ ಕೂಡಿಸಿದ್ದೀರಿ ಸಾಣೆಯವರೇ. ಬೆಣೆಯೂ ಲಾಯ್ಕ ಕೂತಿದೆ."

ಮಗಳ ಕೈ ಹಿಡಿದು ಕೊಟ್ಟಿಗೆಗೆ ಬಂದರು. ಅಲ್ಲಿ ಮೇಜಿನ ಮೇಲೆ ಅರ್ಧ ಕೀಸಿದ ಹಲಗೆಯೊಂದು ಮಳೆಗಾಲಕ್ಕೆ ಮುಂಚಿನಿಂದ ಹಾಗೇ ಇತ್ತು. ಒಂದು ಸಲ ತಳ್ಳಿದರು. ಹಲಗೆಯ ನಡುವಿನಲ್ಲೇ ಕೈ ನಿಂತಿತು. ಹಿಂದೆ ಎಳೆದು ಇನ್ನೊಂದು ಸಲ ತಳ್ಳಿದರು, ಆಗಲೂ ಅಷ್ಟೇ.

"ಹೊಸ ಕೀಸುಳಿಯ ಹಾಗೆ ಉಂಟು," ಎಂದರು. ಕೀಸುಳಿಯನ್ನು ಮೇಜಿನ ಮೇಲಿಟ್ಟು, "ಇದು ನನ್ನದಲ್ಲ," ಎಂದರು.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎರಡು ತಿಂಗಳ ಕೆಲಸ. ಬ್ಲೇಡು ಸೊಟ್ಟ ಇತ್ತು, ನೆಟ್ಟಗೆ ಮಾಡಿದ್ದೇನೆ, ಹಾಗಾಗಿ ಹೊಸತರಂತೆ ಅನಿಸುತ್ತದೆ ಎಂದೆ. ಅವರು ನನ್ನ ಕೈ ಹುಡುಕಿ ಹಿಡಿದು, ತೋರುಬೆರಳನ್ನು ಕೀಸುಳಿಯ ಬಾಯಿಯ ಎಡ ಅಂಚಿನಲ್ಲಿ ಇಟ್ಟರು. ಅಲ್ಲಿ ಮರ ಬೆರಳಿನ ಆಕಾರಕ್ಕೆ ಸವೆದು ಹಳ್ಳ ಬಿದ್ದಿತ್ತು. ಎರಡು ತಿಂಗಳು ಅದನ್ನು ಕೈಯಲ್ಲಿ ತಿರುಗಿಸಿದ್ದೇನೆ, ಆ ಹಳ್ಳ ನನಗೆ ಬರೀ ಸವಕಳಿಯಾಗಿ ಕಂಡಿತ್ತು.

"ತಳ್ಳುವಾಗ ನನ್ನ ಬೆರಳು ಇಲ್ಲಿ ಇರ್ತದೆ. ಮೊದಲು ಸುರುಳಿ ಎಡಕ್ಕೆ ವಾಲಿ ಬೆರಳಿನ ಮೇಲೆ ಬಂದು ಬೀಳ್ತಿತ್ತು. ಬಲಗಡೆ ದಪ್ಪ, ಎಡಗಡೆ ಇಲ್ಲ ಎನ್ನುವಷ್ಟು ತೆಳು. ಆ ತೆಳು ಅಂಚು ಬೆರಳಿಗೆ ತಾಗ್ತಾ ಇದ್ದರೆ ಹಲಗೆ ಅಲ್ಲಿ ಸಮ ಉಂಟು ಅಂತ ಲೆಕ್ಕ. ಅದು ಹರಿದರೆ ಅಲ್ಲಿ ತಗ್ಗು. ದಪ್ಪ ಆದರೆ ಉಬ್ಬು. ಈಗ ಇದು ನೇರ ಮೇಲೆ ಬಂದು ಆಚೆ ಬೀಳ್ತದೆ. ನನಗೆ ಎಂತದೂ ಗೊತ್ತಾಗುವುದಿಲ್ಲ."

ಎಂದರೆ ಈ ಮನುಷ್ಯ ಹಲಗೆಯನ್ನು ನೋಡುತ್ತಿದ್ದದ್ದು ಆ ಸೊಟ್ಟ ಅಂಚಿನಿಂದ. ಅದನ್ನು ನಾನು ಚಕ್ರಕ್ಕೆ ಹಿಡಿದು ತೆಗೆದಿದ್ದೆ.

"ಯಾರು ಹೇಳಿಕೊಟ್ಟದ್ದು ನಿಮಗೆ ಇದನ್ನು?"

"ಹೇಳಿಕೊಡುವುದು ಎಂತ? ಕಣ್ಣು ಹೋಗ್ತಾ ಇದ್ದ ಹಾಗೆ ಸಾಣೆ ಹಿಡಿಯುವಾಗ ಕೈ ತಾನೇ ಸ್ವಲ್ಪ ಸ್ವಲ್ಪ ಆಚೆ ಒತ್ತಿರಬೇಕು. ನನಗೂ ಇವತ್ತೇ ಗೊತ್ತಾದದ್ದು, ಇಲ್ಲ ಅಂತ ಆದ ಮೇಲೆ."

ಬ್ಲೇಡನ್ನು ಬಾಯಿಯಲ್ಲಿ ಸ್ವಲ್ಪ ಓರೆ ಮಾಡಿ ಕೂರಿಸಿದರೆ ಸಾಕಲ್ಲ ಎಂದು ಅಲ್ಲೇ ಮಾಡಿ ಕೊಟ್ಟೆ. ತಳ್ಳಿದರು. ಇಲ್ಲ ಎಂದು ತಲೆ ಆಡಿಸಿದರು. ಇನ್ನಷ್ಟು ಓರೆ ಮಾಡಿದೆ, ಬಲ ಮೂಲೆ ಹಲಗೆಯನ್ನು ಗೀರಿತು. ಹಾಗಾದರೆ ನೀವೇ ಸಾಣೆ ಹಿಡಿದು ಮೊದಲಿನ ಹಾಗೆ ತರಬಹುದಲ್ಲ ಎಂದು ಕೇಳಿದೆ.

"ಇದ್ದ ಓರೆಯನ್ನು ಹಿಡಿದುಕೊಂಡು ಕೈ ಹೋಗ್ತಿತ್ತು. ಈಗ ಹಿಡಿದುಕೊಳ್ಳಲಿಕ್ಕೆ ಎಂತ ಉಂಟು? ಇರಲಿ ಬಿಡಿ. ನೀವು ಬೇಕು ಅಂತ ಮಾಡಿದ್ದಲ್ಲ. ಕಾಫಿ ಕುಡಿದು ಹೋಗಿ."

ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು. ಅವರು ಮಗಳ ಕೈ ಹಿಡಿದು ಜಗಲಿಗೆ ಹೋಗಿ ಮೊದಲು ಕೂತಲ್ಲೇ ಕೂತರು. ನನಗೆ ನಾಚಿಕೆಯಾಗಿ ಅಲ್ಲಿ ನಿಲ್ಲಲಾಗಲಿಲ್ಲ, ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ. ಹಂಡೆಯ ಒಲೆಯ ಪಕ್ಕದಲ್ಲಿ ಒಂದು ಗೋಣಿಚೀಲ, ಅದರಲ್ಲಿ ಅರ್ಧದವರೆಗೆ ಹಲಸಿನ ಹಳದಿ ಸುರುಳಿಗಳು. ಒಂದನ್ನು ಎತ್ತಿಕೊಂಡೆ. ಒಂದು ಅಂಚು ಕಾಗದದಷ್ಟು ದಪ್ಪ, ಇನ್ನೊಂದು ಅಂಚು ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು.

"ಅದು ಬೆಂಕಿ ಹತ್ತಿಸಲಿಕ್ಕೆ ಇಟ್ಟದ್ದು ಅಣ್ಣ," ಎಂದರು ಹಿಂದೆ ಬಂದ ಟೀಚರ್. "ಅಪ್ಪ ಕೀಸಿದ್ದು. ಮೊದಲು ಆರು ಚೀಲ ಇತ್ತು, ಇನ್ನು ಇದೊಂದೇ."

"ಇದನ್ನು ಇನ್ನು ಒಲೆಗೆ ಹಾಕಬೇಡಿ ಟೀಚರೇ. ನನಗೆ ಕೊಡಿ."

ಮರದ ಸಾಮಾನು ಮುಟ್ಟುವುದಿಲ್ಲ ಎಂದವನು ಬೈಕಿನ ಹಿಂದೆ ಒಂದು ಚೀಲ ಕೀಸಿದ ಸಿಪ್ಪೆ ಕಟ್ಟಿಕೊಂಡು ಸಂತೆಕಟ್ಟೆಗೆ ಬಂದೆ. ದಾರಿಯಲ್ಲೇ ತೀರ್ಮಾನ ಮಾಡಿದ್ದೆ. ಕೀಸುಳಿಯ ಅಡಿಯನ್ನು ಮುಟ್ಟುವುದಿಲ್ಲ. ಆ ತಗ್ಗೂ ಅವರದೇ, ಅದಕ್ಕೂ ಏನೋ ಕೆಲಸ ಇರಬೇಕು. ಇನ್ನು ಬ್ಲೇಡಿಗೆ ಯಾವುದು ಸರಿ ಎಂದು ನಾನು ಯೋಚಿಸುವುದಿಲ್ಲ. ಈ ಸುರುಳಿಗಳು ಏನು ಹೇಳುತ್ತವೋ ಅಷ್ಟೇ ಮಾಡುವುದು.

ಅಂದಾಜಿನಲ್ಲಿ ಮಾಡುವ ಹಾಗೂ ಇರಲಿಲ್ಲ. ಗುಳಿಗಳನ್ನು ತೆಗೆಯುವಾಗ ಬಹಳಷ್ಟು ಹೋಗಿ, ಗಟ್ಟಿ ಉಕ್ಕು ಉಳಿದದ್ದು ಕಿರುಬೆರಳಿನ ಉಗುರಿನಷ್ಟು. ನಾನು ತಪ್ಪು ಮಾಡಿ ತಿದ್ದುತ್ತಾ ಹೋದರೆ ಮುಗಿಯುವುದು ಅವರ ಉಕ್ಕು, ಅವರು ಇನ್ನು ಕೆಲಸ ಮಾಡಬಹುದಾದ ವರ್ಷಗಳು.

ಚೀಲವನ್ನು ನೆಲದ ಮೇಲೆ ಸುರುವಿ, ಎರಡೂ ಅಂಚು ಹರಿಯದೆ ಪೂರ್ತಿ ಅಗಲ ಇರುವ ಸುರುಳಿಗಳನ್ನು ಆರಿಸಿದೆ. ಇಪ್ಪತ್ತೆಂಟು ಸಿಕ್ಕಿದವು. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿದಾಗ ಸುರುಳಿ ತಾನಾಗಿ ಬಿಚ್ಚಿಕೊಂಡಿತು. ಎರಡು ಗಾಜಿನ ನಡುವೆ ಚಪ್ಪಟೆಯಾಗಿಟ್ಟು ಒಣಗಿಸಿದೆ. ಬ್ಲೇಡು ತಾಗಿದ ಮೈ ನಯ, ಇನ್ನೊಂದು ಮೈ ಒರಟು. ತಳ್ಳಲು ಶುರು ಮಾಡಿದ ತುದಿ ಯಾವುದು ಎಂದು ಗುರುತಿಸಿದರೆ ಎಡ ಬಲ ಗೊತ್ತಾಗುತ್ತದೆ. ಆಮೇಲೆ ಮೈಕ್ರೋಮೀಟರ್ ತೆಗೆದು, ಪ್ರತಿಯೊಂದನ್ನೂ ಬಲದಿಂದ ಎಡಕ್ಕೆ ಒಂಬತ್ತು ಕಡೆ ಅಳೆದೆ. ಆ ಉಪಕರಣದಿಂದ ಲೇತ್ ಕೆಲಸದ ಉಕ್ಕಿನ ಶಾಫ್ಟುಗಳನ್ನು ಅಳೆದಿದ್ದೇನೆ, ಒಲೆಗೆ ಹಾಕುವ ಸಿಪ್ಪೆಯನ್ನು ಅಳೆದದ್ದು ಅದೇ ಮೊದಲು. ಪಕ್ಕದ ಟಯರ್ ಅಂಗಡಿಯವನು ಬಂದು ನೋಡಿ, "ಎಂತ ಸಾಣೆಯವರೇ, ತಲೆ ಸರಿ ಉಂಟಾ?" ಎಂದು ಕೇಳಿ ಹೋದ.

ಮೊದಲ ಸುರುಳಿ: ಬಲ ಅಂಚಿನಲ್ಲಿ ಮಿಲ್ಲಿಮೀಟರಿನ ನೂರರಲ್ಲಿ ಹನ್ನೆರಡು ಭಾಗ, ಎಡ ಅಂಚಿನಲ್ಲಿ ಎರಡು. ಎರಡನೆಯದು ಹನ್ನೆರಡು, ಎರಡು. ಮೂರನೆಯದು ಹನ್ನೊಂದು, ಎರಡು. ನಾಲ್ಕನೆಯದು ಹನ್ನೆರಡು, ಎರಡು. ಹತ್ತನೆಯದರ ಹೊತ್ತಿಗೂ ಅದೇ ಅಂಕಿ. ಮೈಕ್ರೋಮೀಟರ್ ಕೆಟ್ಟಿರಬೇಕು ಎಂದು ಒರೆಸಿ, ಸೊನ್ನೆಗೆ ತಂದು ಪರೀಕ್ಷೆ ಮಾಡಿದೆ. ಅದು ಸರಿ ಇತ್ತು. ಇಪ್ಪತ್ತೆಂಟರಲ್ಲಿ ಒಂದೂ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆ ಇರಲಿಲ್ಲ. ಬೇರೆ ಬೇರೆ ಹಲಗೆ, ಬೇರೆ ಬೇರೆ ದಿನ. ಡಯಲು ಇರುವ ಯಂತ್ರದಲ್ಲಿ ಅಷ್ಟನ್ನು ಹಿಡಿದಿಡಲು ನಾವು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತೇವೆ. ಕಣ್ಣಿಲ್ಲದ ಒಬ್ಬರು, ಒಂದು ಮರದ ತುಂಡು, ಒಂದು ಬೆರಳು. ನಾನು ಸ್ಟೂಲಿನಲ್ಲಿ ಕೂತು ಆ ಅಂಕಿಗಳನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ. ಹೊರಗೆ ಕತ್ತರಿ ಹಿಡಿದು ಯಾರೋ ಕರೆದದ್ದೂ ಕೇಳಲಿಲ್ಲ.

ಓರೆ ಮಾಡಿ ಕೂರಿಸಿದ್ದು ಯಾಕೆ ಸೋತಿತು ಎಂಬುದೂ ಆ ಅಂಕಿಗಳಲ್ಲೇ ಇತ್ತು. ದಪ್ಪ ಒಂದೇ ಸಮನೆ ಇಳಿಯುವುದಿಲ್ಲ. ಬಲದಿಂದ ಅರ್ಧದವರೆಗೆ ಹೆಚ್ಚುಕಡಿಮೆ ಸಮ, ಅಲ್ಲಿಂದ ಎಡಕ್ಕೆ ಬಾಗಿಕೊಂಡು ಇಳಿಯುತ್ತದೆ. ಬ್ಲೇಡು ಸುಮಾರು ನಲವತ್ತೈದು ಡಿಗ್ರಿ ಮಲಗಿರುವುದರಿಂದ, ಸಿಪ್ಪೆಯಲ್ಲಿ ಹತ್ತು ಭಾಗ ಕಡಿಮೆಯಾಗಬೇಕಾದರೆ ಅಂಚು ಹದಿನಾಲ್ಕು ಭಾಗ ಹಿಂದೆ ಸರಿಯಬೇಕು. ಒಂಬತ್ತು ಕಡೆಗೂ ಲೆಕ್ಕ ಹಾಕಿ ಕಾಗದದಲ್ಲಿ ಬರೆದುಕೊಂಡೆ.

ಚಕ್ರ ಮುಟ್ಟಲಿಲ್ಲ. ಸಾಣೆಕಲ್ಲಿನ ಮೇಲೆ ಕೈಯಲ್ಲೇ, ಎಡಗಡೆ ಬೆರಳು ಒತ್ತಿ ಐದು ಸಲ ಎಳೆಯುವುದು, ಒರೆಸುವುದು, ಅಂಚಿಗೆ ಉಕ್ಕಿನ ಪಟ್ಟಿ ಹಿಡಿದು ಸಂದಿಯಲ್ಲಿ ಫೀಲರ್ ಗೇಜಿನ, ಲೆಕ್ಕದಷ್ಟೇ ದಪ್ಪದ ತೆಳು ಉಕ್ಕಿನ ಎಲೆ ತೂರಿಸಿ ನೋಡುವುದು. ಎಲೆ ಹೋಗದಿದ್ದರೆ ಇನ್ನು ಐದು. ಮೂರು ದಿನ ಬೇರೆ ಯಾರ ಕೆಲಸವನ್ನೂ ತೆಗೆದುಕೊಳ್ಳಲಿಲ್ಲ. ಮೂರನೇ ದಿನ ಸಂಜೆ ಒಂಬತ್ತೂ ಕಡೆ ಲೆಕ್ಕ ಕೂಡಿ ಬಂತು. ನೋಡಲು ಅದು ಮತ್ತೆ ಮೊದಲಿನ ಸೊಟ್ಟ ಬ್ಲೇಡೇ. ಇಷ್ಟು ಕಷ್ಟಪಟ್ಟು ಒಂದು ಅಂಚನ್ನು ಸೊಟ್ಟ ಮಾಡಿದ್ದು ನಾನೊಬ್ಬನೇ ಇರಬೇಕು.

ಮರುದಿನ ಶಾಲೆ ಬಿಟ್ಟು ಟೀಚರ್ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಹೋದೆ. ಆಚಾರಿಗಳು ಜಗಲಿಯಿಂದ ಎದ್ದು ಬರಲು ಮನಸ್ಸೇ ಮಾಡಲಿಲ್ಲ. "ನೀವು ಮತ್ತೆ ಯಾಕೆ ಕಷ್ಟ ತಗೊಂಡದ್ದು," ಎಂದರು. ಮಗಳು ಒತ್ತಾಯ ಮಾಡಿ ಕರೆತಂದರು. ಕೊಟ್ಟಿಗೆಯಲ್ಲಿ ಕತ್ತಲು ಕವಿಯುತ್ತಿತ್ತು, ನನಗಾಗಿ ಟ್ಯೂಬ್‌ಲೈಟ್ ಹಾಕಿದರು.

ಬ್ಲೇಡನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಬಲದಿಂದ ಎಡಕ್ಕೆ ನಿಧಾನ ನಡೆಸಿದರು. ಕೀಸುಳಿಯನ್ನು ತಿರುಗಿಸಿ ಅಡಿಯನ್ನು ಸವರಿದರು.

"ಅಡಿ ಮುಟ್ಟಲಿಲ್ಲ ಅಲ್ವಾ?"

"ಇಲ್ಲ ಆಚಾರ್ರೆ."

"ಬದುಕಿದೆ," ಎಂದರು.

ಬ್ಲೇಡು ಇಟ್ಟು, ಬೆಣೆ ತೂರಿಸಿ, ಸುತ್ತಿಗೆಯಲ್ಲಿ ಮೂರು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೊಂದು ಸಲ ತಟ್ಟಿದರು. ಹಲಗೆಯ ಮೇಲಿಟ್ಟು ತಳ್ಳಿದರು. ನಡುವಿನಲ್ಲಿ ಕೈ ನಿಂತಿತು. ಬ್ಲೇಡನ್ನು ಹೊರತೆಗೆದು, ಮೇಜಿನ ಕೆಳಗೆ ಕೈ ಹಾಕಿ ತಮ್ಮ ಸಾಣೆಕಲ್ಲು ಎಳೆದುಕೊಂಡರು.

"ಈ ಮೂಲೆಯಲ್ಲಿ ಸ್ವಲ್ಪ ಹೆಚ್ಚು ಉಂಟು. ಇನ್ನು ನನಗೆ ಗೊತ್ತುಂಟು."

ಏಳು ಸಲ ಎಳೆದರು, ನಾನು ಎಣಿಸಿದೆ. ಕೈ ಎಲ್ಲೂ ತಡವರಿಸಲಿಲ್ಲ, ದಾರಿ ಸಿಕ್ಕಿದವರ ಹಾಗೆ ಹೋಯಿತು. ಮತ್ತೆ ಕೂರಿಸಿ ತಳ್ಳಿದಾಗ ಸುರುಳಿ ಬಾಯಿಯಿಂದ ಎದ್ದು ಎಡಕ್ಕೆ ವಾಲಿ, ಅವರ ಬೆರಳಿನ ಮೇಲೆ ಬಂದು ಕೂತಿತು. ಹಲಗೆಯ ಕೊನೆಯವರೆಗೂ ಹಾಗೇ ಹೋಯಿತು. ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಬನ್ನಿ ಸಾಣೆಯವರೇ. ಕಣ್ಣು ಮುಚ್ಚಿ ಹಿಡಿದುಕೊಳ್ಳಿ."

ನನ್ನ ಬೆರಳನ್ನು ಆ ಹಳ್ಳದಲ್ಲಿಟ್ಟು, ನನ್ನ ಕೈಗಳ ಮೇಲೆ ತಮ್ಮ ಕೈ ಇಟ್ಟು ತಳ್ಳಿದರು. ಬೆರಳಿನ ಮೇಲೆ ಸುರುಳಿ ಓಡತೊಡಗಿತು, ಇದ್ದೂ ಇಲ್ಲದಷ್ಟು ಹಗುರ. ಒಂದು ಕಡೆ ಅದು ಮಾಯವಾಯಿತು, ನಾಲ್ಕು ಬೆರಳಿನಷ್ಟು ದೂರ ಹೋದ ಮೇಲೆ ಮತ್ತೆ ಬಂತು. "ಅಲ್ಲಿ ತಗ್ಗು," ಎಂದರು ಅವರು. ಕಣ್ಣು ಬಿಟ್ಟು ನೋಡಿದೆ, ಹಲಗೆ ಕನ್ನಡಿಯಷ್ಟು ಸಮ ಇದ್ದಂತೆ ಕಂಡಿತು. ಚೀಲದಲ್ಲಿ ತಂದಿದ್ದ ಉಕ್ಕಿನ ಪಟ್ಟಿ ಇಟ್ಟು ಗೇಜಿನ ಎಲೆ ತೂರಿಸಿದೆ. ಆ ನಾಲ್ಕು ಬೆರಳು ಜಾಗದಲ್ಲಿ ನೂರರಲ್ಲಿ ಮೂರು ಭಾಗದ ಎಲೆ ಒಳಗೆ ಹೋಯಿತು, ಬೇರೆಲ್ಲೂ ಹೋಗಲಿಲ್ಲ.

ಆಚಾರಿಗಳು ನನ್ನನ್ನು ಪಕ್ಕಕ್ಕೆ ಸರಿಸಿ ಕೀಸುಳಿ ತೆಗೆದುಕೊಂಡರು. ಆಮೇಲೆ ನಮ್ಮಿಬ್ಬರ ನೆನಪು ಅವರಿಗೆ ಇದ್ದಂತೆ ಕಾಣಲಿಲ್ಲ. ತಳ್ಳುವುದು, ಎಳೆಯುವುದು, ಅರ್ಧ ಹೆಜ್ಜೆ ಸರಿಯುವುದು. ಸುರುಳಿಗಳು ಕಾಲಬುಡದಲ್ಲಿ ಬಿದ್ದು ರಾಶಿಯಾಗತೊಡಗಿದವು. ಹಲಸಿನ ವಾಸನೆ ಕೊಟ್ಟಿಗೆ ತುಂಬಿತು.

ಅಷ್ಟು ಹೊತ್ತಿಗೆ ಕರೆಂಟು ಹೋಯಿತು.

ಒಮ್ಮೆಲೇ ಕತ್ತಲು. ಟೀಚರ್ "ಅಯ್ಯೋ" ಎಂದರು. ನಾನು ಟಾರ್ಚ್ ಹಾಕಲು ಗಡಿಬಿಡಿಯಲ್ಲಿ ಕಿಸೆಯಿಂದ ಮೊಬೈಲು ತೆಗೆದೆ. ಕೀಸುಳಿಯ ಸದ್ದು ಒಂದು ಚೂರೂ ನಿಲ್ಲಲಿಲ್ಲ. ಹಲಗೆಯ ಈ ತುದಿಯಿಂದ ಆ ತುದಿಗೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಕರೆಂಟು ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಮೊಬೈಲನ್ನು ಮತ್ತೆ ಕಿಸೆಗೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು, ಕೇಳುತ್ತಾ ನಿಂತೆ.